ಗದಗ, ಧಾರವಾಡ, ಹಾವೇರಿ, ಹುಬ್ಬಳ್ಳಿ: ಕನ್ನಡ ಸಬ್‌ಟೈಟಲ್ ಎಲ್ಲಿ ಕೆಟ್ಟಿದೆ ಎಂದು ಪತ್ತೆ ಹಚ್ಚುವುದು

ಹಾವೇರಿಯ ಮನೆಯಲ್ಲಿ ಟಿವಿ ಮುಂದೆ ಕೂತಿದ್ದ ಅವ್ವ ಕನ್ನಡಕ ಏರಿಸಿಕೊಂಡು, "ಏನ್ ಬರದೀಯೋ ತಮ್ಮಾ ಇದು? ಹುಬ್ಬಳ್ಳಿ ಹಿಂಗ್ಯಾಕ ಒಡದೈತಿ?" ಅಂದಳು. ಪರದೆಯ ಕೆಳಗೆ "ಹುಬ್‌ಬಳ್‌ಳಿ" ಎಂದು ಬಂದಿತ್ತು. ಹಿಂದಿನ ರಾತ್ರಿ ಧಾರವಾಡದಲ್ಲಿ ನನ್ನ ಲ್ಯಾಪ್‌ಟಾಪ್‌ನಲ್ಲಿ ಇದೇ ಸಾಲು ಅಚ್ಚುಕಟ್ಟಾಗಿ ಕಂಡಿತ್ತು. ಫೈಲ್ ಅದೇ, ಪೆನ್‌ಡ್ರೈವ್ ಅದೇ.

ವಿಡಿಯೋ ನಮ್ಮೂರ ದೊಡ್ಡಾಟದ್ದು. ಅವ್ವನಿಗೆ ಈಚೆಗೆ ಕಿವಿ ಮಂದ. ಹಾರ್ಮೋನಿಯಂ, ತಾಳ, ಮದ್ದಳೆಯ ನಡುವೆ ವೇಷಧಾರಿ ಕೂಗಿ ಹೇಳುವ ಮಾತು ಅವಳಿಗೆ ಬರೀ ಗದ್ದಲವಾಗಿ ಕೇಳುತ್ತದೆ. ಅದಕ್ಕೇ ಪದ (ಹಾಡು) ಮತ್ತು ಮಾತು ಎರಡನ್ನೂ ಅಕ್ಷರದಲ್ಲಿ ಕೊಡಬೇಕೆಂದು ಹೊರಟೆ. ಗದಗಿನಲ್ಲಿರುವ ಕಾಕಾ ಜೀವನವಿಡೀ ಡಿಟಿಪಿ ಕೆಲಸ ಮಾಡಿದವರು. ಆಟದ ಕೈಬರಹದ ಪ್ರತಿ ಇಟ್ಟುಕೊಂಡು ಅಷ್ಟನ್ನೂ ಟೈಪ್ ಮಾಡಿಕೊಟ್ಟರು. ಅದನ್ನು ಮಾತಿನ ಹೊತ್ತಿಗೆ ಸರಿಯಾಗಿ ಕೂಡಿಸುವ ಕೆಲಸ ನನ್ನದು. ಇದು ನಾಲ್ಕು ರಾತ್ರಿಯಲ್ಲಿ ಮುಗಿಯಿತು. ತೊಂದರೆಗಳನ್ನು ಬಿಡಿಸಲು ಅದಕ್ಕಿಂತ ಹೆಚ್ಚು ದಿನ ಹಿಡಿಯಿತು. ಅವುಗಳಲ್ಲಿ ಮುಕ್ಕಾಲು ಪಾಲು ತೊಂದರೆ ಕನ್ನಡಕ್ಕೇ ವಿಶೇಷವಾದದ್ದು. ಇಂಗ್ಲಿಷ್ ಸಬ್‌ಟೈಟಲ್ ಮಾಡುವವರು ಬರೆದ ಸಲಹೆಗಳಲ್ಲಿ ಅವಕ್ಕೆ ಉತ್ತರ ಸಿಗುವುದಿಲ್ಲ. ಇದನ್ನು ಬರೆಯಲು ಅದೇ ಕಾರಣ.

ಎಲ್ಲಕ್ಕಿಂತ ಮೊದಲು ಒಂದು ಮಾತು. ಸಬ್‌ಟೈಟಲ್ ಕೆಟ್ಟು ಕಂಡ ಕೂಡಲೇ ಟೈಪ್ ಮಾಡಿದ್ದನ್ನು ತಿದ್ದಲು ಹೋಗಬೇಡಿ. ಅಕ್ಷರ ಕೆಡುವುದು ಮೂರು ಕಡೆ: ಫೈಲ್‌ನ ಒಳಗೆ, ಫೈಲನ್ನು ಓದುವಾಗ, ಓದಿದ್ದನ್ನು ಪರದೆ ಮೇಲೆ ಬಿಡಿಸುವಾಗ. ಕಡೆಯ ಎರಡರಲ್ಲಿ ನಿಮ್ಮ ಬರಹದ ತಪ್ಪೇನೂ ಇರುವುದಿಲ್ಲ. ಅಲ್ಲಿ ಬರಹವನ್ನು ತಿದ್ದಿದರೆ ಸರಿಯಿದ್ದದ್ದೂ ಕೆಡುತ್ತದೆ. ನಾನು ಮೊದಲ ದಿನ ಮಾಡಿದ್ದು ಅದನ್ನೇ. ಟಿವಿಯಲ್ಲಿ ಒಡೆದು ಕಂಡ ಒತ್ತುಗಳನ್ನು ಒಂದೊಂದಾಗಿ ಮತ್ತೆ ಟೈಪ್ ಮಾಡುತ್ತ ಕೂತು ಒಂದು ಇಡೀ ಸಂಜೆ ಕಳೆದೆ.

ನಾಲ್ಕು ಊರಿನ ಪರೀಕ್ಷೆ

ನೋಟ್‌ಪ್ಯಾಡ್ ತೆರೆದು ಇಷ್ಟನ್ನು ಟೈಪ್ ಮಾಡಿ, ಯುಟಿಎಫ್-8 (ಎಲ್ಲ ಭಾಷೆಯ ಅಕ್ಷರಗಳನ್ನೂ ಉಳಿಸಬಲ್ಲ ಪದ್ಧತಿ) ಆಗಿ, ಎಸ್‌ಆರ್‌ಟಿ (.srt) ಎಂಬ ಕೊನೆಯ ಹೆಸರು ಕೊಟ್ಟು ಉಳಿಸಿ:

1
00:00:01,000 --> 00:00:05,000
ಗದಗ ಧಾರವಾಡ

2
00:00:06,000 --> 00:00:10,000
ಹಾವೇರಿ ಹುಬ್ಬಳ್ಳಿ

3
00:00:11,000 --> 00:00:15,000
ಕರ್ನಾಟಕ

ಹದಿನೈದು ಸೆಕೆಂಡಿನ ಯಾವುದಾದರೂ ವಿಡಿಯೋ ಜೊತೆ ಇದನ್ನು ಹಾಕಿ, ಕೊನೆಗೆ ನೋಡುವವರು ಯಾವ ಪರದೆಯಲ್ಲಿ ನೋಡುತ್ತಾರೋ ಅದರಲ್ಲೇ ಓಡಿಸಿ. ನನ್ನ ಮಟ್ಟಿಗೆ ಅದು ಅವ್ವನ ಟಿವಿ.

ಈ ಊರುಗಳ ಹೆಸರನ್ನು ಊರಭಿಮಾನಕ್ಕೆ ಆರಿಸಿಕೊಂಡಿಲ್ಲ. "ಗದಗ"ದಲ್ಲಿ ಗುಣಿತವೂ ಇಲ್ಲ, ಒತ್ತೂ ಇಲ್ಲ. ಬರೀ ಮೂರು ಮೂಲಾಕ್ಷರ. "ಧಾರವಾಡ"ದಲ್ಲಿ ದೀರ್ಘ ಮಾತ್ರ ಇದೆ. "ಹಾವೇರಿ"ಯಲ್ಲಿ ಏತ್ವ, ಗುಡಿಸು ಬರುತ್ತವೆ, ಅಂದರೆ ಅಕ್ಷರದ ಆಕಾರವೇ ಬದಲಾಗಬೇಕು. "ಹುಬ್ಬಳ್ಳಿ"ಯಲ್ಲಿ ಎರಡು ಒತ್ತು. ಅದರಲ್ಲೂ ಎರಡನೆಯದಕ್ಕೆ ಗುಡಿಸು ಬೇರೆ ಕೂಡಿದೆ. "ಕರ್ನಾಟಕ"ದಲ್ಲಿ ಅರ್ಕಾವತ್ತು: ಉಚ್ಚಾರದಲ್ಲಿ ಮೊದಲು ಬರುವ ಅರ್ಧ ರ್, ಬರಹದಲ್ಲಿ ನಾ ಆದಮೇಲೆ ಬರಬೇಕು. ಹೀಗೆ ಒಂದಕ್ಕಿಂತ ಒಂದು ಕಷ್ಟದ ಮೆಟ್ಟಿಲು.

ಐದೂ ಹೆಸರು ಸರಿಯಾಗಿ ಬಂದರೆ ಪರದೆಯ ತಪ್ಪಿಲ್ಲ, ನಿಮ್ಮ ದೊಡ್ಡ ಫೈಲ್‌ನಲ್ಲಿ ಏನೋ ಇದೆ. ಗದಗ ಸರಿಯಿದ್ದು ಹುಬ್ಬಳ್ಳಿ ಒಡೆದರೆ ಪರದೆಗೆ ಕನ್ನಡ ಅಕ್ಷರ ಜೋಡಿಸಲು ಬರುವುದಿಲ್ಲ. ಗದಗವೂ ಸೇರಿ ಎಲ್ಲವೂ ಖಾಲಿ ಚೌಕವಾಗಿ ಬಂದರೆ ಕನ್ನಡ ಫಾಂಟ್ ಇಲ್ಲ. ಎಲ್ಲವೂ ಅಡ್ಡಾದಿಡ್ಡಿ ಇಂಗ್ಲಿಷ್ ಅಕ್ಷರವಾದರೆ ಓದುವ ಬಗೆ ತಪ್ಪಿದೆ. ಏನೂ ಬಾರದಿದ್ದರೆ ಫೈಲ್ ಪತ್ತೆಯೇ ಆಗಿಲ್ಲ. ಈ ಒಂದು ನಿಮಿಷದ ಪರೀಕ್ಷೆಯನ್ನು ಮೊದಲೇ ಮಾಡಿದ್ದರೆ ಆ ಸಂಜೆ ಉಳಿಯುತ್ತಿತ್ತು.

ಏನೂ ಕಾಣುತ್ತಿಲ್ಲ

ಟಿವಿಗಳು, ಲ್ಯಾಪ್‌ಟಾಪ್‌ನ ವಿಎಲ್‌ಸಿ ಎಂಬ ವಿಡಿಯೋ ಪ್ಲೇಯರ್ ಎಲ್ಲವೂ ಸಬ್‌ಟೈಟಲ್ ಹುಡುಕುವುದು ಹೆಸರಿನಿಂದ. ವಿಡಿಯೋ ಮತ್ತು ಸಬ್‌ಟೈಟಲ್ ಒಂದೇ ಫೋಲ್ಡರ್‌ನಲ್ಲಿ, ಒಂದೇ ಹೆಸರಲ್ಲಿ ಇರಬೇಕು; ಕೊನೆಯ ಮೂರಕ್ಷರ ಮಾತ್ರ ಬೇರೆ. ಹೆಸರನ್ನು ಇಂಗ್ಲಿಷ್ ಅಕ್ಷರ, ಅಂಕಿಗಳಲ್ಲಿ, ನಡುವೆ ಜಾಗ ಬಿಡದೆ ಇಡಿ. ಹಳೆಯ ಟಿವಿಗಳಿಗೆ ಕನ್ನಡದ ಫೈಲ್ ಹೆಸರು ಓದಲು ಬಾರದು.

ವಿಂಡೋಸ್‌ನಲ್ಲಿ ಒಂದು ಬಲೆ ಇದೆ. ಪರಿಚಿತ ಫೈಲ್‌ಗಳ ಕೊನೆಯ ಹೆಸರನ್ನು ಅದು ಮುಚ್ಚಿಟ್ಟಿರುತ್ತದೆ. ನೋಟ್‌ಪ್ಯಾಡ್‌ನಲ್ಲಿ ಉಳಿಸುವಾಗ "ಆಲ್ ಫೈಲ್ಸ್" ಆರಿಸದಿದ್ದರೆ ಎಸ್‌ಆರ್‌ಟಿ ಆದಮೇಲೆ ಇನ್ನೊಂದು ಟಿಎಕ್ಸ್‌ಟಿ ಸೇರಿಕೊಳ್ಳುತ್ತದೆ, ನಿಮಗೆ ಕಾಣುವುದೇ ಇಲ್ಲ. ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್ ಎಂಬುದಕ್ಕೆ ಟಿಕ್ ಹಾಕಿದರೆ ಗೊತ್ತಾಗುತ್ತದೆ.

ಹೆಸರು ಸರಿಯಿದ್ದೂ ಏನೂ ಬಾರದಿದ್ದರೆ ಸಮಯದ ಸಾಲನ್ನು ಕಣ್ಣಿಟ್ಟು ನೋಡಿ. ಗಂಟೆ, ನಿಮಿಷ, ಸೆಕೆಂಡಿಗೆ ಎರಡೆರಡು ಅಂಕಿ, ನಡುವೆ ಎರಡು ಚುಕ್ಕಿ. ಸೆಕೆಂಡ್ ಆದಮೇಲೆ ಅಲ್ಪವಿರಾಮ, ಬಿಂದುವಲ್ಲ. ಆಮೇಲೆ ಮೂರು ಅಂಕಿ. ನಡುವಿನ ಬಾಣ ಎಂದರೆ ಎರಡು ಅಡ್ಡಗೀಟು ಮತ್ತು ಒಂದು ಮೂಲೆ ಚಿಹ್ನೆ. ವರ್ಡ್‌ನಂಥ ತಂತ್ರಾಂಶದಲ್ಲಿ ಟೈಪ್ ಮಾಡಿದರೆ ಅದು ಈ ಮೂರನ್ನು ಒಗ್ಗೂಡಿಸಿ ಚೆಂದದ ಒಂದೇ ಬಾಣ ಮಾಡಿಬಿಡುತ್ತದೆ. ಕಣ್ಣಿಗೆ ಚೆಂದ, ಪ್ಲೇಯರ್‌ಗೆ ಅರ್ಥವಿಲ್ಲ. ಒಂದು ಮಾತಿಗೂ ಮುಂದಿನದಕ್ಕೂ ನಡುವೆ ಖಾಲಿ ಸಾಲು ಬೇಕೇ ಬೇಕು.

ನನ್ನ ಫೈಲ್‌ನಲ್ಲಿ ಇದ್ದ ತಪ್ಪು ಇನ್ನೂ ಸೂಕ್ಷ್ಮದ್ದು. ಸಮಯದ ಸಾಲು ಹೀಗಿತ್ತು:

೦೦:೦೧:೧೨,೦೦೦ --> ೦೦:೦೧:೧೫,೫೦೦

ಓದುವ ನಮಗೆ ಇದರಲ್ಲಿ ತಪ್ಪು ಕಾಣುವುದಿಲ್ಲ. ಆದರೆ ಸಬ್‌ಟೈಟಲ್ ಓದುವ ತಂತ್ರಾಂಶ ಹುಡುಕುವುದು 0ಯಿಂದ 9ರವರೆಗಿನ ಅಂಕಿಗಳನ್ನು ಮಾತ್ರ. ಕನ್ನಡದ ಅಂಕಿ ಅದಕ್ಕೆ ಬರೀ ಒಂದು ಅಕ್ಷರ. ಇನ್ನು ಕೆಲವು ಸಾಲುಗಳಲ್ಲಿ ಸೊನ್ನೆಯ ಜಾಗದಲ್ಲಿ ಅನುಸ್ವಾರವೇ ಕೂತಿತ್ತು! "೦" ಮತ್ತು "ಂ" ಕಣ್ಣಿಗೆ ಒಂದೇ. ಕಂಪ್ಯೂಟರ್‌ಗೆ ಎರಡೂ ಬೇರೆ ಬೇರೆ ಸಂಖ್ಯೆ. ಮಾತಿನೊಳಗೆ ಕನ್ನಡ ಅಂಕಿ ಧಾರಾಳವಾಗಿ ಇರಲಿ, ನನಗೂ ಅವು ಇಷ್ಟ. ಸಮಯದ ಸಾಲಿನಲ್ಲಿ ಮಾತ್ರ ಬೇಡ.

ಈ ಅಂಕಿಗಳು ಎಲ್ಲಿಂದ ಬಂದವು? ಅದರ ಬೇರು ಮುಂದಿನ ತೊಂದರೆಯಲ್ಲಿದೆ.

ಕಾಣುತ್ತಿದೆ, ಆದರೆ ಕನ್ನಡವಲ್ಲ

ಇದು ಎಲ್ಲರೂ ಗಾಬರಿಯಾಗುವ ಜಾಗ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಕನ್ನಡ ಕೆಟ್ಟು ಇಂಗ್ಲಿಷ್ ಅಕ್ಷರವಾಗಿ ಕಾಣುವುದರಲ್ಲಿ ಎರಡು ಜಾತಿ ಇವೆ. ನೋಡಲು ಎರಡೂ ಕಸದಂತೆ ಕಂಡರೂ ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ಮೊದಲ ಜಾತಿಯಲ್ಲಿ ತಲೆಯ ಮೇಲೆ ಓರೆಗೆರೆ ಇರುವ ಇಂಗ್ಲಿಷಿನ ಸಣ್ಣ ಎ ಅಕ್ಷರ ಮತ್ತೆ ಮತ್ತೆ ಬರುತ್ತದೆ. ಅದರ ಪಕ್ಕದಲ್ಲಿ, ಚದರ ಅಡಿ ಬರೆಯುವಾಗ ಹಾಕುತ್ತೇವಲ್ಲ, ಅಂಥ ಪುಟ್ಟ ಮೇಲಂಕಿ 2 ಅಥವಾ 3 ಇರುತ್ತದೆ. ಇದು ಕಂಡರೆ ಸಮಾಧಾನದ ಉಸಿರು ಬಿಡಿ. ನಿಮ್ಮ ಬರಹ ಒಳಗೆ ಸುರಕ್ಷಿತವಾಗಿರುವ ಸಂಭವ ಹೆಚ್ಚು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಅಕ್ಷರ, ಪ್ರತಿ ಗುಣಿತ ಚಿಹ್ನೆ ಮೂರು ಬೈಟ್ ಹಿಡಿಯುತ್ತದೆ. ಪ್ಲೇಯರ್ ಅದನ್ನು ಪಶ್ಚಿಮ ಯುರೋಪಿನ ಹಳೆಯ ಪಟ್ಟಿಯ ಪ್ರಕಾರ ಒಂದೊಂದೇ ಬೈಟ್ ಆಗಿ ಓದಿದಾಗ ಮೊದಲ ಬೈಟ್ ಆ ಓರೆಗೆರೆಯ ಎ ಆಗುತ್ತದೆ, ಎರಡನೆಯದು ಮೇಲಂಕಿ. ಕ, ಗ, ಮ ಮುಂತಾದ ಅಕ್ಷರಗಳಿಗೆ 2 ಬರುತ್ತದೆ. ಕೊಂಬು, ಏತ್ವ, ಅರ್ಧಾಕ್ಷರದ ಚಿಹ್ನೆಗಳಿಗೆ 3. ಧಾರವಾಡದ ಕಡೆ ಮರಾಠಿ ಅಭಂಗಗಳಿಗೆ ಸಬ್‌ಟೈಟಲ್ ಮಾಡುವವರೂ ಇದ್ದಾರೆ. ದೇವನಾಗರಿ ಹೀಗೆ ಕೆಟ್ಟರೆ ಮೇಲಂಕಿಯ ಬದಲು ಜಪಾನಿನ ಯೆನ್ ಚಿಹ್ನೆಯಂಥದ್ದು ಕಾಣುತ್ತದೆ. ಹಾಗಾಗಿ ಮೂಲ ಯಾವ ಲಿಪಿ ಎಂಬುದನ್ನು ಕಸ ನೋಡಿಯೇ ಹೇಳಬಹುದು.

ಪರಿಹಾರ ಸುಲಭ. ಲ್ಯಾಪ್‌ಟಾಪ್‌ನಲ್ಲಾದರೆ ವಿಎಲ್‌ಸಿಯ ಟೂಲ್ಸ್, ಪ್ರಿಫರೆನ್ಸಸ್, ಸಬ್‌ಟೈಟಲ್ಸ್ ವಿಭಾಗದಲ್ಲಿ ಡಿಫಾಲ್ಟ್ ಎನ್‌ಕೋಡಿಂಗ್ ಅನ್ನು ಯುಟಿಎಫ್-8 ಮಾಡಿ, ಉಳಿಸಿ, ವಿಡಿಯೋ ಮತ್ತೆ ತೆರೆಯಿರಿ. ಟಿವಿಯಲ್ಲಾದರೆ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು "ಸೇವ್ ಆ್ಯಸ್" ಕೊಟ್ಟು, ಎನ್‌ಕೋಡಿಂಗ್ ಪಟ್ಟಿಯಲ್ಲಿ "ಯುಟಿಎಫ್-8 ವಿತ್ ಬಿಒಎಂ" ಆರಿಸಿ. ಫೈಲ್‌ನ ತಲೆಯಲ್ಲಿ ಮೂರು ಬೈಟಿನ ಒಂದು ಗುರುತು ಸೇರುತ್ತದೆ. ಆ ಗುರುತು ಕಂಡಾಗಲೇ ಯುಟಿಎಫ್-8 ಎಂದು ನಂಬುವ ಟಿವಿಗಳಿವೆ. ಅದರಿಂದ ಮೊದಲನೇ ಸಾಲೊಂದೇ ಕಾಣೆಯಾದರೆ ನಿಮ್ಮ ಪ್ಲೇಯರ್‌ಗೆ ಆ ಗುರುತು ಒಗ್ಗಿಲ್ಲ ಎಂದರ್ಥ, ತೆಗೆದುಬಿಡಿ.

ಆದರೆ ಒಂದು ಎಚ್ಚರ. ಈ ಕಸವನ್ನೇ ಪರದೆಯಿಂದ ಕಾಪಿ ಮಾಡಿ ಹೊಸ ಫೈಲ್‌ಗೆ ಅಂಟಿಸಿ ಉಳಿಸಬೇಡಿ. ಅರ್ಧಾಕ್ಷರದ ಚಿಹ್ನೆಯ ಮೂರನೇ ಬೈಟ್‌ಗೆ ಆ ಹಳೆಯ ಪಟ್ಟಿಯಲ್ಲಿ ಅಚ್ಚಾಗುವ ಅಕ್ಷರವೇ ಇಲ್ಲ. ಅಂಟಿಸುವಾಗ ಅದು ಸದ್ದಿಲ್ಲದೆ ಜಾರಿಹೋದರೆ, ಆಮೇಲೆ ಎಷ್ಟೇ ಹಿಂದಕ್ಕೆ ತಿರುಗಿಸಿದರೂ ಒತ್ತುಗಳು ಮರಳುವುದಿಲ್ಲ.

ಎರಡನೇ ಜಾತಿ ಬೇರೆ. ಇದರಲ್ಲಿ ದೊಡ್ಡ ಪಿ, ಓರೆಗೆರೆಯ ದೊಡ್ಡ ಎ, ಬ್ರಿಟನ್ನಿನ ಪೌಂಡ್ ಚಿಹ್ನೆ, ಜರ್ಮನ್ ಭಾಷೆಯ ಬಿಯಂಥ ಅಕ್ಷರ, ಕ್ಯೂ ಇತ್ಯಾದಿ ಬರುತ್ತವೆ. "ಕನ್ನಡ" ಎಂಬ ಪದವೇ ಹೀಗೆ ಕಾಣುತ್ತದೆ: ಪಿ, ಓರೆಗೆರೆಯ ಎ, ಪೌಂಡ್, ಮತ್ತೆ ಅದೇ ಎ, ಆ ಜರ್ಮನ್ ಅಕ್ಷರ, ಕ್ಯೂ, ಮತ್ತೆ ಎ. ಪೌಂಡ್ ಚಿಹ್ನೆ ಕಂಡರೆ ಅದು "ನ" ಎಂದು ಗುರುತಿಟ್ಟುಕೊಳ್ಳಿ. ಇದು ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಪದ್ಧತಿಯ ಫಾಂಟ್‌ನಲ್ಲಿ ಟೈಪ್ ಆದ ಬರಹ. ಅಲ್ಲಿ ಕನ್ನಡದ ತುಣುಕುಗಳನ್ನು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕೂರಿಸಿರುತ್ತಾರೆ. ಆ ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಹೀಗೆ. ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ ಯೂನಿಕೋಡ್ ಬಳಕೆಗೆ ಬರುವ ಮುಂಚೆ ಕಂಪ್ಯೂಟರ್‌ನಲ್ಲಿ ಕನ್ನಡದ ಮುದ್ರಣ ಹೆಚ್ಚಾಗಿ ನಡೆದದ್ದು ಈ ದಾರಿಯಲ್ಲೇ, ಹುಬ್ಬಳ್ಳಿ-ಗದಗಿನ ಪ್ರೆಸ್‌ಗಳಲ್ಲಿ ಇವತ್ತಿಗೂ ನಡೆಯುತ್ತಿದೆ. ಕಾಕಾನ ಬೆರಳಿಗೆ ಅಭ್ಯಾಸವಾದದ್ದೂ ಅದೇ. ಇದರಲ್ಲಿ ಅವರ ತಪ್ಪಿಲ್ಲ. ಅವರಷ್ಟು ವೇಗವಾಗಿ, ಕಾಗುಣಿತದ ಒಂದು ತಪ್ಪೂ ಇಲ್ಲದೆ ಟೈಪ್ ಮಾಡುವವರನ್ನು ನಾನು ಕಂಡಿಲ್ಲ.

ಇಂಥ ಬರಹಕ್ಕೆ ಎನ್‌ಕೋಡಿಂಗ್ ಬದಲಿಸುವುದರಿಂದ ಏನೂ ಆಗದು. ಅದನ್ನು ಯೂನಿಕೋಡ್‌ಗೆ ಪರಿವರ್ತಿಸಬೇಕು. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ, ನುಡಿ ಮತ್ತು ಬರಹ ತಂತ್ರಾಂಶಗಳ ಜೊತೆಯಲ್ಲೂ ಇರುತ್ತವೆ. ನಾನು ಎಡವಿದ್ದು ಇಲ್ಲಿ: ಸಮಯದ ಸಾಲುಗಳನ್ನೂ ಸೇರಿಸಿ ಇಡೀ ಎಸ್‌ಆರ್‌ಟಿ ಫೈಲನ್ನು ಪರಿವರ್ತಕಕ್ಕೆ ಕೊಟ್ಟೆ. ಅದು ಅಂಕಿಗಳನ್ನೂ ಕನ್ನಡಕ್ಕೆ ತಿರುಗಿಸಿತು. ಟಿವಿಯಲ್ಲಿ ಏನೂ ಕಾಣದಿದ್ದುದಕ್ಕೆ ಇದೇ ಮೂಲ. ಸರಿಯಾದ ಕ್ರಮ ಎಂದರೆ ಬರೀ ಮಾತುಗಳನ್ನು ಮೊದಲು ಪರಿವರ್ತಿಸಿಕೊಳ್ಳುವುದು, ಸಮಯ ಕೂಡಿಸುವುದು ಆಮೇಲೆ. ಪರಿವರ್ತನೆಯಾದ ಮೇಲೆ ಅರ್ಕಾವತ್ತಿನ ಪದಗಳನ್ನು ಒಂದೊಂದಾಗಿ ನೋಡಿ. ಹಳೆಯ ಫಾಂಟ್‌ನಲ್ಲಿ ಅರ್ಕಾವತ್ತು ಅಕ್ಷರವಾದಮೇಲೆ ಟೈಪ್ ಆಗಿರುತ್ತದೆ, ಯೂನಿಕೋಡ್‌ನಲ್ಲಿ ಅದು ಮುಂಚೆ ಬರಬೇಕು. ಈ ಹಿಂದುಮುಂದಿನಲ್ಲಿ ಪರಿವರ್ತಕ ಆಗಾಗ ತಪ್ಪುತ್ತದೆ. ದೊಡ್ಡಾಟದ ಮಾತೆಂದರೆ ಧರ್ಮ, ಕರ್ಮ, ಗರ್ವ, ಸ್ವರ್ಗ. ಅರ್ಕಾವತ್ತಿಲ್ಲದ ಸಾಲು ಹುಡುಕಬೇಕು. ಹಾಗಾಗಿ ಅಷ್ಟೂ ಸಾಲನ್ನು ಕಾಕಾ ಫೋನಿನಲ್ಲಿ ಓದಿಸಿ ಕೇಳಿದರು.

ಎಲ್ಲವೂ ಪ್ರಶ್ನೆ ಚಿಹ್ನೆಯಾಗಿದ್ದರೆ? ಅದನ್ನು ಯಾರೋ ಆನ್ಸಿ ಎಂಬ ಆಯ್ಕೆಯಲ್ಲಿ ಉಳಿಸಿದ್ದಾರೆ. ವಿಂಡೋಸ್ 10ರ 2019ರ ಮೇ ಅಪ್‌ಡೇಟ್‌ಗೆ ಮುಂಚಿನ ನೋಟ್‌ಪ್ಯಾಡ್ ತಾನಾಗಿ ಆರಿಸುತ್ತಿದ್ದುದು ಅದನ್ನೇ. ಅಲ್ಲಿಂದೀಚೆಗೆ ಯುಟಿಎಫ್-8 ಬಂತು. ಪ್ರಶ್ನೆ ಚಿಹ್ನೆಯಾದ ಕನ್ನಡ ಮರಳಿ ಬಾರದು. ಫೈಲ್ ಗಾತ್ರ ನೋಡಿ: ಮೂರು ಬೈಟಿನ ಅಕ್ಷರದ ಜಾಗದಲ್ಲಿ ಒಂದೇ ಬೈಟ್ ಉಳಿದಿರುವುದರಿಂದ ಮಾತಿನ ಭಾಗ ಮೂರನೇ ಒಂದಕ್ಕೆ ಕುಗ್ಗಿರುತ್ತದೆ. ಹೊತ್ತು ಕಳೆಯದೆ ಹಳೆಯ ಪ್ರತಿ ಹುಡುಕಿ.

ಖಾಲಿ ಚೌಕಗಳು

ಇದಕ್ಕೆ ಹೆಚ್ಚು ಹೇಳಬೇಕಿಲ್ಲ. ಬರಹ ಸರಿಯಿದೆ, ಓದಿದ್ದೂ ಸರಿ, ಬಿಡಿಸಲು ಕನ್ನಡ ಫಾಂಟ್ ಇಲ್ಲ. ವಿಂಡೋಸ್‌ನಲ್ಲಿ ತುಂಗಾ ಅಥವಾ ನಿರ್ಮಲಾ ಯುಐ ಇರುತ್ತದೆ. ಇಲ್ಲದಿದ್ದರೆ ಗೂಗಲ್‌ನ ನೋಟೋ ಸ್ಯಾನ್ಸ್ ಕನ್ನಡ ಉಚಿತ. ವಿಎಲ್‌ಸಿಯ ಅದೇ ಸಬ್‌ಟೈಟಲ್ಸ್ ವಿಭಾಗದಲ್ಲಿ ಫಾಂಟ್ ಆರಿಸಿ. ಟಿವಿಗೆ ಫಾಂಟ್ ಹಾಕಲು ಬಾರದು, ಅದರ ದಾರಿ ಕೆಳಗಿದೆ.

ಎಲ್ಲ ಸರಿಯಿದ್ದು ಕೆಲವೇ ಪದದಲ್ಲಿ ಒಂದು ಪುಟ್ಟ ಚೌಕ ಬರುತ್ತಿದ್ದರೆ, "ಲ್ಯಾಪ್‌ಟಾಪ್", "ರಾಜ್‌ಕುಮಾರ್" ಥರದ ಪದಗಳನ್ನು ನೋಡಿ. ಒತ್ತಾಗದಂತೆ ತಡೆಯಲು ಅಲ್ಲಿ ಕಣ್ಣಿಗೆ ಕಾಣದ ಒಂದು ಅಕ್ಷರ ಇರುತ್ತದೆ. ಕೆಲವು ಪ್ಲೇಯರ್ ಅದನ್ನೇ ಚೌಕವಾಗಿ ತೋರಿಸುತ್ತವೆ.

ಒತ್ತು ಒಡೆದಿದೆ

ಅವ್ವ ಕೇಳಿದ ಪ್ರಶ್ನೆಗೆ ಈಗ ಬಂದೆವು. ಯೂನಿಕೋಡ್‌ನಲ್ಲಿ "ಬ್ಬ" ಎಂಬ ಅಕ್ಷರವೇ ಇಲ್ಲ. ಬ, ಅರ್ಧಾಕ್ಷರದ ಚಿಹ್ನೆ, ಮತ್ತೆ ಬ ಎಂದು ಮೂರು ಸಂಖ್ಯೆ ಸಾಲಾಗಿ ಇರುತ್ತವೆ. ಅವನ್ನು ನೋಡಿ ಕೆಳಗೆ ಒತ್ತು ಕೊಡಬೇಕು ಎಂದು ತಿಳಿದು ಬಿಡಿಸುವುದು ಪರದೆಯ ಹಿಂದಿನ ತಂತ್ರಾಂಶದ ಕೆಲಸ. ಲ್ಯಾಪ್‌ಟಾಪ್‌ಗೂ ಈಗಿನ ಮೊಬೈಲ್‌ಗೂ ಇದು ಬರುತ್ತದೆ. ಎಷ್ಟೋ ಟಿವಿಗಳ ಪೆನ್‌ಡ್ರೈವ್ ಪ್ಲೇಯರ್‌ಗೆ ಬರುವುದಿಲ್ಲ. ಮೆನು ಕನ್ನಡದಲ್ಲಿ ತೋರಿಸುವ ಟಿವಿ ಕೂಡ ಸಬ್‌ಟೈಟಲ್‌ನಲ್ಲಿ ಒತ್ತು ಒಡೆಯಬಹುದು, ಏಕೆಂದರೆ ಎರಡನ್ನೂ ಬಿಡಿಸುವ ಭಾಗಗಳು ಬೇರೆ.

ಎಡಿಟಿಂಗ್ ತಂತ್ರಾಂಶದೊಳಗೇ ಒತ್ತು ಒಡೆಯುತ್ತಿದ್ದರೆ ಅದು ಬೇರೆ ವಿಷಯ, ಸೆಟ್ಟಿಂಗ್‌ನಿಂದ ಸರಿಹೋಗುತ್ತದೆ. ಪ್ರೀಮಿಯರ್‌ನಲ್ಲಾದರೆ ಪ್ರಿಫರೆನ್ಸಸ್‌ನ ಗ್ರಾಫಿಕ್ಸ್ ಪುಟದಲ್ಲಿ ದಕ್ಷಿಣ ಏಷ್ಯಾದ ಲಿಪಿಗಳ ಟೆಕ್ಸ್ಟ್ ಎಂಜಿನ್ ಆರಿಸಬೇಕು. ಆಮೇಲೆ ಹೊಸದಾಗಿ ಟೈಪ್ ಮಾಡಿ ನೋಡಿ.

ಟಿವಿಯ ವಿಷಯಕ್ಕೆ ಬಂದರೆ, ತಿದ್ದಲು ನಮ್ಮ ಕೈಯಲ್ಲಿ ಏನೂ ಇಲ್ಲ. ಅಕ್ಷರಗಳನ್ನು ನಾವೇ ಬಿಡಿಸಿ ಚಿತ್ರದ ಭಾಗವಾಗಿ ಮಾಡಿ ಕೊಡಬೇಕು. ಇದಕ್ಕೆ ಬರ್ನ್ ಮಾಡುವುದು ಎನ್ನುತ್ತಾರೆ. ಆದರೆ ಒಮ್ಮೆ ಬರ್ನ್ ಆದದ್ದನ್ನು ಅಳಿಸಲು ಬಾರದು. ಹಾಗಾಗಿ ಅದಕ್ಕೆ ಮುಂಚೆ ಸಮಯ ಪೂರ್ತಿ ಸರಿಯಾಗಿರಬೇಕು.

ಮಾತು ಒಂದು ಕಡೆ, ಅಕ್ಷರ ಒಂದು ಕಡೆ

ಮೂರು ಜಾಗದಲ್ಲಿ ನೋಡಿ: ಮೊದಲ ಮಾತು, ನಡುವಿನದು, ಕಟ್ಟಕಡೆಯದು. ಮೂರರಲ್ಲೂ ಅಂತರ ಒಂದೇ ಆಗಿದ್ದರೆ ಇಡೀ ಫೈಲನ್ನು ಅಷ್ಟು ಸರಿಸಿದರೆ ಮುಗಿಯಿತು. ಎಷ್ಟು ಎಂದು ತಿಳಿಯಲು ವಿಎಲ್‌ಸಿಯಲ್ಲಿ ಜಿ ಮತ್ತು ಎಚ್ ಕೀ ಒತ್ತಿ. ಒಂದು ಸಲಕ್ಕೆ ಸೆಕೆಂಡಿನ ಇಪ್ಪತ್ತನೇ ಒಂದು ಭಾಗ, ಜಿ ಒತ್ತಿದರೆ ಬೇಗ, ಎಚ್ ಒತ್ತಿದರೆ ತಡ. ಆ ಅಳತೆಯನ್ನು ಸಬ್‌ಟೈಟಲ್ ಎಡಿಟ್ ಎಂಬ ಉಚಿತ ತಂತ್ರಾಂಶದಲ್ಲಿ ಹಾಕಿ ಉಳಿಸಿ. ವಿಎಲ್‌ಸಿಯಲ್ಲಿ ಸರಿಸಿದ್ದು ನೋಡುವುದಕ್ಕೆ ಮಾತ್ರ, ಫೈಲ್ ಬದಲಾಗುವುದಿಲ್ಲ.

ಆರಂಭದಲ್ಲಿ ಸರಿಯಿದ್ದು ಹೋಗುತ್ತ ಹೋಗುತ್ತ ಅಂತರ ಬೆಳೆದರೆ ಅಳತೆಗೋಲೇ ಬೇರೆಯಾಗಿದೆ. ಸೆಕೆಂಡಿಗೆ 23.976 ಚಿತ್ರದ (ಫ್ರೇಮ್‌ನ) ಲೆಕ್ಕದ ಪ್ರತಿಯನ್ನು 25ಕ್ಕೆ ಓಡಿಸಿ ಮಾಡಿದ್ದರೆ ಗಂಟೆಗೆ ಸುಮಾರು 2 ನಿಮಿಷ 27 ಸೆಕೆಂಡ್ ವ್ಯತ್ಯಾಸ ಬರುತ್ತದೆ. 29.97 ಮತ್ತು 30ರ ನಡುವೆ ಗಂಟೆಗೆ 3.6 ಸೆಕೆಂಡ್. ಕಡೆಯ ಮಾತಿನ ಅಂತರವನ್ನು ಗಂಟೆಯ ಲೆಕ್ಕಕ್ಕೆ ಇಳಿಸಿದರೆ ಯಾವ ಜೋಡಿ ಎಂಬುದು ಗೊತ್ತಾಗುತ್ತದೆ. ಧ್ವನಿಯನ್ನು ಬೇರೆ ರೆಕಾರ್ಡರ್‌ನಲ್ಲಿ ಹಿಡಿದು ಅದನ್ನು ಕೇಳುತ್ತ ಸಮಯ ಹಾಕಿದ್ದರೂ ಹೀಗೆ ಆಗಬಹುದು. ಎರಡು ಯಂತ್ರದ ಗಡಿಯಾರ ಒಂದೇ ವೇಗದಲ್ಲಿ ಓಡುವುದಿಲ್ಲ, ರಾತ್ರಿಯಿಡೀ ನಡೆಯುವ ಆಟದಲ್ಲಿ ಅದು ಎದ್ದು ಕಾಣುತ್ತದೆ. ಸಬ್‌ಟೈಟಲ್ ಎಡಿಟ್‌ನಲ್ಲಿ ಮೊದಲ ಮಾತು, ಕಡೆಯ ಮಾತು ಎರಡನ್ನೂ ಸರಿಯಾದ ಜಾಗಕ್ಕೆ ಕಟ್ಟಿದರೆ ನಡುವಿನದನ್ನು ಅದೇ ಹಿಗ್ಗಿಸಿ ಕುಗ್ಗಿಸಿ ಕೂರಿಸುತ್ತದೆ.

ನನ್ನದು ಮೂರನೇ ಬಗೆ. ಒಂದು ಜಾಗದವರೆಗೆ ಎಲ್ಲ ಸರಿ, ಅಲ್ಲಿಂದ ಏಕಾಏಕಿ 40 ಸೆಕೆಂಡ್ ತಡ, ಕೊನೆಯವರೆಗೂ ಅಷ್ಟೇ. ಆ ಜಾಗ ಯಾವುದೆಂದು ನೋಡಿದೆ. ಆಟದ ನಡುವೆ ಕರೆಂಟ್ ಹೋಗಿ, ಮೈಕ್ ಬಂದಾಗಿ, ಜನ ಕೂಗಾಡಿದ ಭಾಗ. ಸಮಯ ಹಾಕಿದ ಮೇಲೆ ನಾನು ಅದನ್ನು ವಿಡಿಯೋದಿಂದ ಕತ್ತರಿಸಿದ್ದೆ. ಅಂತರ ಒಂದೇ ಕಡೆ ಜಿಗಿದರೆ ಅಲ್ಲಿ ಒಂದು ಕತ್ತರಿಯೋ ಬೆಸುಗೆಯೋ ಇದ್ದೇ ಇರುತ್ತದೆ. ಬೆಸುಗೆ ಎಂದರೆ, ಕೆಲವು ಕ್ಯಾಮೆರಾಗಳು ದೀರ್ಘ ರೆಕಾರ್ಡಿಂಗನ್ನು 4 ಜಿಬಿಗೊಂದರಂತೆ ತುಂಡು ಮಾಡುತ್ತವೆ. ಎರಡನೇ ತುಂಡಿಗೆ ಸೊನ್ನೆಯಿಂದ ಸಮಯ ಹಾಕಿ, ಆಮೇಲೆ ತುಂಡುಗಳನ್ನು ಜೋಡಿಸಿದರೆ ಸಬ್‌ಟೈಟಲ್‌ಗೆ ಮೊದಲ ತುಂಡಿನ ಉದ್ದವನ್ನು ಕೂಡಿಸಬೇಕು. ಆ ಜಾಗದಿಂದ ಮುಂದಿನ ಸಾಲುಗಳನ್ನಷ್ಟೇ ಆಯ್ದು ಸರಿಸಿದರೆ ಸಾಕು.

ಇನ್ನೊಂದು ವಿಷಯ, ಇದು ದೋಷವಲ್ಲ, ನನ್ನ ಅಭಿಪ್ರಾಯ. ಹಿಮ್ಮೇಳದವರು ಪದದ ಒಂದೇ ಸಾಲನ್ನು ನಾಲ್ಕೈದು ಸಲ ಹೇಳುತ್ತಾರೆ. ಪ್ರತಿ ಸಲಕ್ಕೂ ಅಕ್ಷರವನ್ನು ಅಳಿಸಿ ಬರೆದರೆ ಕಣ್ಣಿಗೆ ಹಿಂಸೆ. ಸಾಲು ಬದಲಾಗುವವರೆಗೆ ಅದನ್ನು ಹಾಗೇ ನಿಲ್ಲಿಸಿ. ವೇಷಧಾರಿಯ ಮಾತಿಗಾದರೆ ಅಕ್ಷರ ಮಾತಿನ ಜೊತೆಗೇ ಓಡಬೇಕು. ಎರಡು ಸಾಲಿಗಿಂತ ಹೆಚ್ಚು ಒಮ್ಮೆಗೇ ತೋರಿಸಬೇಡಿ, ಸಾಲುಗಳ ನಡುವೆ ಇಂಗ್ಲಿಷಿಗೆ ಬಿಡುವುದಕ್ಕಿಂತ ಹೆಚ್ಚು ಜಾಗ ಬಿಡಿ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿದರೆ ವಯಸ್ಸಾದ ಕಣ್ಣಿಗೆ ಎರಡೂ ಹೋಯಿತು.

ಬರ್ನ್ ಮಾಡುವಾಗ

ಹ್ಯಾಂಡ್‌ಬ್ರೇಕ್ ಎಂಬ ವಿಡಿಯೋ ಪರಿವರ್ತಿಸುವ ತಂತ್ರಾಂಶದ ಸಬ್‌ಟೈಟಲ್ಸ್ ಪುಟದಲ್ಲಿ ಎಸ್‌ಆರ್‌ಟಿ ಫೈಲ್ ಆಮದು ಮಾಡಿ, ಎನ್‌ಕೋಡಿಂಗ್ ಯುಟಿಎಫ್-8 ಎಂದು ಕೊಟ್ಟು, "ಬರ್ನ್ ಇನ್"ಗೆ ಟಿಕ್ ಹಾಕಬೇಕು. ಸಬ್‌ಟೈಟಲ್ ಎಡಿಟ್‌ನ ಹೊಸ ಆವೃತ್ತಿಗಳ ವಿಡಿಯೋ ಮೆನುವಿನಲ್ಲೂ ಬರ್ನ್ ಮಾಡುವ ಆಯ್ಕೆ ಇದೆ. ಫಾಂಟ್, ಗಾತ್ರ, ಅಂಚು ಎಲ್ಲ ಅಲ್ಲೇ ಕೊಡಬಹುದಾದ್ದರಿಂದ ಕನ್ನಡಕ್ಕೆ ನನಗೆ ಅದೇ ಅನುಕೂಲ ಅನ್ನಿಸಿತು. ಫಾಂಟ್ ಹೆಸರನ್ನು ನೀವೇ ಕೊಡಿ, ಅದರ ಪಾಡಿಗೆ ಬಿಡಬೇಡಿ.

ಮೂರು ತಾಸಿನ ವಿಡಿಯೋವನ್ನು ನೇರವಾಗಿ ಬರ್ನ್‌ಗೆ ಹಚ್ಚಬೇಡಿ. ಮೊದಲು 30 ಸೆಕೆಂಡಿನ ತುಣುಕು ಮಾಡಿ ಟಿವಿಯಲ್ಲಿ ನೋಡಿ. ಹ್ಯಾಂಡ್‌ಬ್ರೇಕ್‌ನಲ್ಲಿ ಎಷ್ಟನೇ ಸೆಕೆಂಡಿನಿಂದ ಎಷ್ಟರವರೆಗೆ ಎಂದು ಆರಿಸಬಹುದು. ಒತ್ತು, ಅರ್ಕಾವತ್ತು, ಎರಡು ಸಾಲು ಇರುವ ಜಾಗವನ್ನೇ ಆರಿಸಿ.

ವಿಡಿಯೋ ಫೈಲ್‌ನ ಬಗೆ ಎಂಪಿ4, ಎಚ್.264 ಆದರೆ ಹೆಚ್ಚುಕಡಿಮೆ ಎಲ್ಲ ಟಿವಿಗಳೂ ಓಡಿಸುತ್ತವೆ. ಪೆನ್‌ಡ್ರೈವ್ ಫ್ಯಾಟ್32 ಎಂಬ ಬಗೆಯಲ್ಲಿ ಫಾರ್ಮ್ಯಾಟ್ ಆಗಿದ್ದರೆ 4 ಜಿಬಿ ಮೀರಿದ ಒಂದೇ ಫೈಲ್ ಅದರಲ್ಲಿ ಕೂರುವುದಿಲ್ಲ, ಎರಡು ಭಾಗ ಮಾಡಿ. ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೋ ಆಗಿ ಕಳಿಸುವುದಿದ್ದರೂ ಬರ್ನ್ ಮಾಡಿದ್ದೇ ಬೇಕು; ಬೇರೆಯಾಗಿ ಸೇರಿಸಿದ ಸಬ್‌ಟೈಟಲ್ ಅಲ್ಲಿ ಕಾಣುವುದಿಲ್ಲ. ಯೂಟ್ಯೂಬ್‌ಗಾದರೆ ಬರ್ನ್ ಮಾಡದ ವಿಡಿಯೋ ಮತ್ತು ಎಸ್‌ಆರ್‌ಟಿ ಬೇರೆ ಬೇರೆಯಾಗಿ ಏರಿಸಿ, ಬೇಕಾದವರು ಹಾಕಿಕೊಳ್ಳಲಿ, ಬೇಡದವರು ತೆಗೆಯಲಿ. ಏನೇ ಮಾಡಿದರೂ ಸರಿಯಾದ ಎಸ್‌ಆರ್‌ಟಿ ಫೈಲನ್ನು ಎರಡು ಕಡೆ ಜೋಪಾನ ಮಾಡಿ. ನನ್ನದರ ಒಂದು ಪ್ರತಿ ಗದಗಿನಲ್ಲಿ ಕಾಕಾನ ಹತ್ತಿರ ಇದೆ.

ಮುಂದಿನ ಭಾನುವಾರ ಹಾವೇರಿಗೆ ಹೋಗಿ ಪೆನ್‌ಡ್ರೈವ್ ಸಿಗಿಸಿದೆ. ಹುಬ್ಬಳ್ಳಿ ಹುಬ್ಬಳ್ಳಿಯಾಗಿಯೇ ಬಂತು. ಅವ್ವ ಹತ್ತು ನಿಮಿಷ ಬಾಯಿಬಿಟ್ಟು ಓದುತ್ತ ಕೂತಳು, ಆಮೇಲೆ, "ಎಲ್ಲಾ ಬರೋಬರಿ ಐತಿ. ಕೆಳಗಿನ ಸಾಲಿನ ಒತ್ತು ಅಷ್ಟ ಕಾಣವಲ್ದು" ಅಂದಳು. ಹೋಗಿ ನೋಡಿದರೆ ಟಿವಿ ಚಿತ್ರವನ್ನು ಸ್ವಲ್ಪ ಹಿಗ್ಗಿಸಿ ನಾಲ್ಕೂ ಅಂಚನ್ನು ಕತ್ತರಿಸುತ್ತಿತ್ತು. ಹಳೆಯ ಟಿವಿಗಳ ಕಾಲದಿಂದ ಉಳಿದ ಪದ್ಧತಿ ಅದು. ಪಿಕ್ಚರ್ ಸೈಜ್ ಮೆನುವಿನಲ್ಲಿ ಪರದೆಗೆ ಸರಿಹೊಂದಿಸುವ ಆಯ್ಕೆ ಕೊಟ್ಟಾಗ ಒತ್ತುಗಳು ಕಂಡವು. ಆದರೆ ಅವಳು ಇದೇ ಪೆನ್‌ಡ್ರೈವನ್ನು ಪಕ್ಕದ ಮನೆಗೂ ಒಯ್ಯುವವಳು. ಅಲ್ಲಿನ ಟಿವಿ ಹೇಗೋ ಏನೋ. ಅದಕ್ಕೇ ಧಾರವಾಡಕ್ಕೆ ಬಂದು ಕೆಳಗಿನ ಅಂಚನ್ನು 1080 ಗೆರೆಯ ಚಿತ್ರದಲ್ಲಿ 20ರಿಂದ 80ಕ್ಕೆ ಏರಿಸಿ ಇನ್ನೊಮ್ಮೆ ಬರ್ನ್‌ಗೆ ಹಚ್ಚಿದೆ.